ತಂತಿಯ ಮೇಲೆ ನಿಂತ ಅಂಗಿ

ಕಾಲರಿನಿಂದ ಏಳುವ ಹಬೆಯಲ್ಲಿ ಯಾರದೋ ಕತ್ತಿನ ವಾಸನೆ, ಎಷ್ಟು ಒಗೆದರೂ ಬಿಸಿ ತಾಗಿದೊಡನೆ ಒಂದು ಕ್ಷಣ ಎದ್ದು ಬಂದು ಹೋಗಿಬಿಡುವ ವಾಸನೆ, ಬ್ಯಾಂಕಿನವರದಿರಬೇಕು, ಇಲ್ಲ, ಬ್ಯಾಂಕಿನವರದು ನೀಲಿ, ಇದು ಬಿಳಿ, ಮೇಷ್ಟರದು — ಇಸ್ತ್ರಿಪೆಟ್ಟಿಗೆ ಕಾಲರಿನ ತುದಿಯಿಂದ ನಡುವಿಗೆ ಬರಬೇಕು, ನಡುವಿನಿಂದ ತುದಿಗೆ ಹೋದರೆ ಸುಕ್ಕೆಲ್ಲ ಮೂಲೆಗೆ ಸೇರಿಕೊಂಡು ನಗುತ್ತದೆ ಎಂದು ಅಜ್ಜ ಹೇಳಿಕೊಟ್ಟದ್ದು ಅವಳ ಕೈಗೆ ಗೊತ್ತು, ತಲೆಗೆ ಗೊತ್ತಿರಬೇಕಾದ ಅಗತ್ಯವೇ ಇಲ್ಲ, ಹಾಗಾಗಿ ಕೆಲಸದ ಹೊತ್ತಿನಲ್ಲಿ ತಲೆ ಖಾಲಿ, ಖಾಲಿ ತಲೆಯಲ್ಲಿ ಸಿನಿಮಾ. ನಾಲ್ಕು ಗಂಟೆಗೆ ನಿರ್ದೇಶಕರು ಬರುತ್ತಾರೆ. ಬರಲಿ. ಗಂಜಿ ಡಬ್ಬಿಯ ಕೆಳಗೆ ಚಿತ್ರಕಥೆ ಇದೆ, ಅವಳ ಮೊದಲ ಚಿತ್ರಕಥೆ, ಒಂದು ದೃಶ್ಯ ಬಿಟ್ಟರೆ ಪೂರ್ತಿ, ಮತ್ತು ಅದು ಚೆನ್ನಾಗಿದೆ, ಇದರಲ್ಲಿ ನಾಚಿಕೊಳ್ಳುವಂಥದ್ದೇನಿದೆ, ಇಸ್ತ್ರಿ ಕೂತ ಅಂಗಿಯನ್ನು ಎತ್ತಿ ಹಿಡಿದರೆ ಕೂತಿದೆ ಎಂದು ಗೊತ್ತಾಗುವುದಿಲ್ಲವೆ, ಹಾಗೆ ಗೊತ್ತು. ಲಾಂಡ್ರಿ ನಡೆಸುವವಳಿಗೆ ಸಿನಿಮಾ ಯಾಕೆ ಬೇಕಿತ್ತು ಎಂದು ಕೇಳಿದವರಿದ್ದಾರೆ, ಊರವರ ಕೊಳೆಯನ್ನೆಲ್ಲ ನೋಡಿದವಳು ಇನ್ನೇನು ಬರೆಯಬೇಕು ಸ್ವಾಮೀ ಎಂದು ಅವಳೂ ಹೇಳಿಬಿಟ್ಟಿದ್ದಾಳೆ, ಬಾಯಿ ಅಜ್ಜಿಯದು. ಮುಂದಿನ ಕೌಂಟರಿನ ಹಿಂದೆ ಅಮ್ಮ ಕೂತು ಗುಂಡಿ ಹೊಲಿಯುತ್ತಿದ್ದಾಳೆ, ಕನ್ನಡಕ ಮೂಗಿನ ತುದಿಗೆ ಬಂದಿದೆ, ಬಟ್ಟೆ ಕೊಡಲು ಬಂದವರಿಗೆಲ್ಲ ಕೂತಲ್ಲಿಂದಲೇ ಉತ್ತರ, ಜೇಬು ನೋಡಿ ಕೊಡಿ, ಆಮೇಲೆ ಅದಿತ್ತು ಇದಿತ್ತು ಅನ್ನಬೇಡಿ. ಈವರೆಗೆ ಒಂದು ಹಾಳೆಯನ್ನೂ ಕೇಳಿಸಿಕೊಂಡವಳಲ್ಲ ಅಮ್ಮ, ಓದಲು ಹೋದಾಗಲೆಲ್ಲ ನನಗೆ ಗೊತ್ತಿರೋ ಕಥೆನೇ ತಾನೇ ಬಿಡೇ, ನಾನೂ ಅದರೊಳಗೇ ಇದ್ದೆನಲ್ಲ, ಎಂದು ದಾರ ಕಚ್ಚಿ ತುಂಡರಿಸುತ್ತಿದ್ದಳು. ಇವತ್ತು ಮಾತ್ರ ಊಟದ ಹೊತ್ತಿಗೆ ತಾನಾಗಿಯೇ ಹೇಳಿದಳು, ಅವರು ಬಂದಾಗ ನಾನೂ ಕೂತ್ಕೋತೀನಿ. ಅಷ್ಟೆ. ಕೂತ್ಕೋ ಅಮ್ಮ, ಕೂತು ಕೇಳು, ನಿಮ್ಮಪ್ಪನನ್ನೂ ನಿಮ್ಮಮ್ಮನನ್ನೂ ಹೇಗೆ ಎದ್ದು ನಿಲ್ಲಿಸಿದ್ದೇನೆ ನೋಡು.

ಕಾಲರ್ ಆಯಿತು, ಇನ್ನು ಭುಜ, ಭುಜದ ಹೊಲಿಗೆಯ ಮೇಲೆ ಪೆಟ್ಟಿಗೆ ಒತ್ತಬಾರದು, ಭುಜ ಅಂದರೆ ಅಂಗಿಯ ಮುಖ ಅನ್ನುತ್ತಿದ್ದ ಅಜ್ಜ, ಎದುರಿಗೆ ಬಂದವರು ಮೊದಲು ನೋಡುವುದೇ ಅದನ್ನು, ಹೊಟ್ಟೆ ಕೆಳಗಿನದು ಪ್ಯಾಂಟಿನೊಳಗೆ ಹೋಗುತ್ತೆ, ಅಲ್ಲಿ ಏನಾದರೂ ಆಗಲಿ. ಅದಕ್ಕೇ ಈ ಲಾಂಡ್ರಿಯ ಹಿತ್ತಲಿನಲ್ಲಿ ಅಂಗಿಗಳೆಲ್ಲ ತಲೆಕೆಳಗು, ಕೆಳ ಅಂಚಿಗೆ ಕ್ಲಿಪ್ಪು, ತೋಳುಗಳು ನೆಲದ ಕಡೆಗೆ, ಸಾಲು ಸಾಲಾಗಿ ಯಾರೋ ಬಾವಿಗೆ ಬಗ್ಗಿ ನೋಡುತ್ತಿರುವ ಹಾಗೆ, ಭುಜ ಹಿಡಿದು ಕ್ಲಿಪ್ಪು ಹಾಕಿದರೆ ಅಲ್ಲೊಂದು ಮೊನೆ ಏಳುತ್ತದೆ, ಆಮೇಲೆ ಎಷ್ಟು ಇಸ್ತ್ರಿ ಮಾಡಿದರೂ ಅದು ಕಿವಿಯ ಹಾಗೆ ಎದ್ದೇ ನಿಲ್ಲುತ್ತದೆ. ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ಪಾಠವೇ ಅದು. ಎರಡನೆಯ ಪಾಠ ಹಿಂಡುವುದು, ನೀರು ಸುರಿಯುವ ಬಟ್ಟೆಯನ್ನು ತಂತಿಗೆ ಹಾಕುವವನು ತಂತಿಗೂ ಶತ್ರು ಬಟ್ಟೆಗೂ ಶತ್ರು. ಅಜ್ಜನಿಗೆ ಎಲ್ಲದಕ್ಕೂ ಒಂದು ಮಾತು. ಒಗೆದು ಮಡಿಸಿಟ್ಟ ಗಂಟುಗಳನ್ನು ಯಾರೂ ಒಯ್ಯದೆ ಕಪಾಟು ತುಂಬಿ ಅಜ್ಜಿ ಗೊಣಗಿದರೆ, ಇರಲಿ ಬಿಡೇ, ತೊಳೆದಿಟ್ಟ ಬಟ್ಟೆಗೆ ಯಜಮಾನ ಬಂದೇ ಬರ್ತಾನೆ, ಅನ್ನುತ್ತಿದ್ದ. ಆ ಮಾತನ್ನು ಅವಳು ಮೊದಲ ದೃಶ್ಯದಲ್ಲೇ ಇಟ್ಟಿದ್ದಾಳೆ, ಅಜ್ಜ ಪೆಟ್ಟಿಗೆಗೆ ಕೆಂಡ ತುಂಬುತ್ತಾ ಹೇಳುತ್ತಾನೆ, ಮಗ ನಗುತ್ತಾನೆ, ಪುಟ್ಟ ಮಗಳು ಮೇಜಿನ ಕೆಳಗೆ ಕೂತು ಕೇಳಿಸಿಕೊಳ್ಳುತ್ತಾಳೆ.

ಆ ಪುಟ್ಟ ಮಗಳೇ ಅಮ್ಮ, ಆ ಮಗ ಇವಳಿಗೆ ಸೋದರಮಾವ. ಹದಿನಾಲ್ಕರಲ್ಲೇ ನಿಂತುಬಿಟ್ಟ ಹುಡುಗನನ್ನು ನಲವತ್ತು ದಾಟಿದವಳು ಮಾವ ಎಂದು ಕರೆಯಬೇಕು, ಎಂಥ ಸೋಜಿಗ. ಜ್ವರ ಎಂದು ಆಸ್ಪತ್ರೆಗೆ ಹೋದ, ಬರಲಿಲ್ಲ, ಇಷ್ಟೇ ಕಥೆ, ಹೋಗುವ ಹೊತ್ತಿಗೆ ಬಿಚ್ಚಿಟ್ಟ ಅಂಗಿ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಬಿಳಿ ಅಂಗಿ, ಕತ್ತಿನ ಹತ್ತಿರ ಬೆವರಿನ ಗೆರೆ. ಊರಿನ ಬಟ್ಟೆಯೆಲ್ಲ ಒಗೆಯುವ ಮನೆಯಲ್ಲಿ ಒಗೆಯದೆ ಉಳಿದದ್ದು ಅದೊಂದೇ, ಅಜ್ಜಿ ದಿನಾ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದಳು, ಮುಖವನ್ನು ಅದರೊಳಗೆ ಇಟ್ಟು, ಯಾರಾದರೂ ಬಾಗಿಲು ತಳ್ಳಿದರೆ ಅಲ್ಲಿಯೇ ಗೋಡೆಗೆ ಅಂಟಿಕೊಂಡು. ಒಂದು ಬೆಳಿಗ್ಗೆ ಮೊಳೆ ಖಾಲಿ. ಹಿತ್ತಲಿಗೆ ಓಡಿದರೆ ಅಂಗಿ ತಂತಿಯ ಮೇಲೆ, ಒಗೆದು ಹಾಕಿದ್ದು, ಸೋಪಿನ ವಾಸನೆ ಬಿಟ್ಟರೆ ಬೇರೆ ಯಾವ ವಾಸನೆಯೂ ಇಲ್ಲದ್ದು. ಯಾರು ಮಾಡಿದ್ದು ಅಂತ ಅಜ್ಜಿ ಕಿರುಚಿದಾಗ ಅಜ್ಜ ತೊಟ್ಟಿಯ ಹತ್ತಿರ ನಿಂತು, ನಾನೇ ಕಣೇ, ಅಭ್ಯಾಸಬಲ, ಕೈಗೆ ಸಿಕ್ಕಿತು ಒಗೆದುಬಿಟ್ಟೆ, ಅಂದನಂತೆ. ಅಂದಿನಿಂದ ಅಜ್ಜಿ ಅವನ ಜೊತೆ ಮಾತು ಬಿಟ್ಟಳು. ಒಂದು ದಿನ ಎರಡು ದಿನ ಅಲ್ಲ, ಹತ್ತು ವರ್ಷ. ಮತ್ತು ಇಲ್ಲೇ ಅವಳ ಚಿತ್ರಕಥೆ ನಗಲು ಶುರುಮಾಡುವುದು, ಯಾಕೆಂದರೆ ಲಾಂಡ್ರಿ ನಿಲ್ಲುವ ಹಾಗಿಲ್ಲ, ಒಬ್ಬರು ಹಿಂಡಿದರೆ ಇನ್ನೊಬ್ಬರು ಇನ್ನೊಂದು ತುದಿ ಹಿಡಿಯಲೇಬೇಕು, ಗಂಡ ಹೆಂಡತಿ ಒಂದೇ ಹೊದಿಕೆಯ ಎರಡು ತುದಿ ಹಿಡಿದು ಎದುರುಬದುರು ನಿಂತು ತಿರುಚುತ್ತಾರೆ, ಮಾತಿಲ್ಲ, ನಡುವೆ ಪುಟ್ಟ ಹುಡುಗಿ. ನಿಮ್ಮಪ್ಪನಿಗೆ ಹೇಳೇ ನೀರು ಕಾದಿದೆ ಅಂತ. ಅಪ್ಪಾ, ನೀರು ಕಾದಿದೆಯಂತೆ. ಕೇಳಿಸಿತು ಅಂತ ಹೇಳು ನಿಮ್ಮಮ್ಮನಿಗೆ. ಅಮ್ಮಾ, ಕೇಳಿಸಿತಂತೆ. ಕೇಳಿಸಿದ ಮೇಲೆ ಎದ್ದು ಬರೋಕೆ ಏನಂತೆ ಕೇಳು. ಒಂದು ಮೊಳ ದೂರ ಇಬ್ಬರಿಗೂ! ನಿರ್ದೇಶಕರು ಭಾನುವಾರದ ಚಿತ್ರಕಥೆ ತರಗತಿಯಲ್ಲಿ ಇದನ್ನು ಓದಿಸಿಕೊಂಡು ಮೇಜು ಕುಟ್ಟಿ ನಕ್ಕರು, ಯಾರ ಬರವಣಿಗೆಗೂ ನಗದ ಮನುಷ್ಯ, ಎಲ್ಲದಕ್ಕೂ ಕತ್ತರಿ ಹಾಕುತ್ತಾರೆಂದು ತರಗತಿಯವರು ಕಟ್ ಸಾರ್ ಎಂದೇ ಕರೆಯುವುದು. ಕೊನೆಯ ದೃಶ್ಯವನ್ನಂತೂ ಎರಡನೆಯ ಸಲ ಓದಿಸಿಕೊಂಡರು, ಹುಡುಗಿ ದೊಡ್ಡವಳಾಗಿ ಬೇರೆ ಊರಿಗೆ ಓದಲು ಹೋಗುತ್ತಾಳೆ, ಮನೆಯಲ್ಲಿ ಸುದ್ದಿ ಒಯ್ಯುವವರಿಲ್ಲ, ಅಜ್ಜಿ ಸ್ವಲ್ಪ ಹೊತ್ತು ಒಲೆಯ ಮುಂದೆ ನಿಂತು, ತಿರುಗದೆಯೇ ಹೇಳುತ್ತಾಳೆ, ನೀರು ಕಾದಿದೆ. ಇದು ಕಟ್ಟಿದ್ದಲ್ಲ, ನಡೆದದ್ದು, ಅಜ್ಜಿಯೇ ಹೇಳಿದ್ದು.

ಚೆನ್ನಾಗಿದೆ ಕಣಮ್ಮ, ಅಂದರು ನಿರ್ದೇಶಕರು, ದುಡ್ಡು ಹಾಕೋರು ಇದ್ದಾರೆ, ನಾನೇ ಮಾಡ್ತೀನಿ, ಆದರೆ ಅಂಗಿ ಒಗೆದದ್ದನ್ನ ನಿನ್ನ ಕಥೇಲಿ ಎಲ್ಲರೂ ಹೇಳ್ತಾರೆ, ಒಬ್ಬರೂ ತೋರಿಸಲ್ಲ. ಇಡೀ ಸಿನಿಮಾ ಆ ಅಂಗಿ ಮೇಲೆ ನಿಂತಿದೆ, ಅದೇ ಇಲ್ಲ ಅಂದ್ರೆ? ಕೇಳಿದ್ದು ಬೇಡ, ಕಂಡದ್ದು ಬರಿ, ಯಾರು ಯಾವ ಬಾಗಿಲಿಂದ ಬಂದ್ರು, ಯಾವ ಕೈಲಿ ಏನು ಹಿಡಿದ್ರು, ಅದನ್ನ ಓದು ಬಂದಾಗ. ಅಯ್ಯೋ ಅದಕ್ಕೇನು ಸಾರ್ ಎಂದು ಬಂದಿದ್ದಾಳೆ. ಅದಕ್ಕೇನು, ಒಗೆಯುವುದನ್ನು ಬರೆಯಲು ಅವಳಿಗೆ ಹೇಳಿಕೊಡಬೇಕೆ, ಮೀನಿಗೆ ಈಜು ಕಲಿಸಿದ ಹಾಗೆ. ಮೇಷ್ಟರ ಅಂಗಿಯ ಬೆನ್ನಿಗೆ ನೀರು ಚಿಮುಕಿಸಿ, ಪೆಟ್ಟಿಗೆ ಓಡಿಸಿ, ಪೆನ್ನು ಕಿವಿಯ ಸಂದಿಯಿಂದ ತೆಗೆದು ಹಾಳೆ ಎಳೆದುಕೊಂಡಳು. ಹಿತ್ತಲು. ಬೆಳಿಗ್ಗೆ. ಅಜ್ಜ ಬಾಗಿಲ ಹಿಂದಿನಿಂದ ಅಂಗಿ ತೆಗೆದುಕೊಂಡು ಬರುತ್ತಾನೆ, ಬಲಗೈಯಲ್ಲಿ. ತೊಟ್ಟಿಯಲ್ಲಿ ನೆನೆಸುತ್ತಾನೆ. ಕತ್ತಿನ ಗೆರೆಗೆ ಸೋಪು. ಮೂರು ಸಲ ಜಾಲಿಸುತ್ತಾನೆ. ಹಿಂಡುತ್ತಾನೆ, ಅಜ್ಜನ ಹಿಂಡು ಅಂದರೆ ಹಿಂಡು, ಆಮೇಲೆ ಒಂದು ಹನಿ ಬೀಳುವ ಮಾತಿಲ್ಲ. ಝಾಡಿಸುತ್ತಾನೆ. ಕೆಳ ಅಂಚು ಹಿಡಿದು, ತಲೆಕೆಳಗಾಗಿ, ಕ್ಲಿಪ್ಪು, ಕ್ಲಿಪ್ಪು. ಹೋಗುತ್ತಾನೆ. ಅಜ್ಜಿ ಬರುತ್ತಾಳೆ, ನೋಡುತ್ತಾಳೆ. ಏನು ನೋಡುತ್ತಾಳೆ? ಅದು ಸುಲಭ, ಅಜ್ಜಿ ಸಾಯುವವರೆಗೂ ಎಷ್ಟು ಸಲ ಹೇಳಿದ್ದಾಳೋ, ಇದೇ ಮೇಜಿನ ಹತ್ತಿರ, ಇದೇ ಹಬೆಯಲ್ಲಿ, ಆ ಅಂಗಿಯನ್ನು ಆಗಾಗ ಟ್ರಂಕಿನಿಂದ ತೆಗೆದು ಕಾಲರಿಗೆ ಬಿಸಿ ಮುಟ್ಟಿಸಿ ಬಗ್ಗುತ್ತಾ, ಬಾಗಿಲು ತೆಗೆದೆ ಕಣೇ, ತಂತಿ ಮೇಲೆ ಅವನೇ ನಿಂತಿದ್ದ, ಭುಜ ನೆಟ್ಟಗೆ ಮಾಡಿಕೊಂಡು, ಎರಡೂ ಕೈ ಇಳಿಬಿಟ್ಟುಕೊಂಡು, ಕೈ ತುದಿಯಿಂದ ನೀರು ಸುರೀತಿತ್ತು, ಟಪ್ ಟಪ್ ಅಂತ ಕಲ್ಲಿನ ಮೇಲೆ, ಈಗ ತಾನೇ ಸ್ನಾನ ಮಾಡಿ ಬಂದ ಹಾಗೆ. ಬರೆಯುತ್ತಾಳೆ. ಭುಜ ನೆಟ್ಟಗೆ. ಕೈ ತುದಿಯಿಂದ ನೀರು. ಪೆನ್ನು ಮುಂದಿನ ಸಾಲಿಗೆ ಹೋಯಿತು, ಹೋಗಿ, ನಿಂತಿತು.

ತಲೆಕೆಳಗಾಗಿ ಹಾಕಿದ ಅಂಗಿ ಹೇಗೆ ನಿಂತಿತು. ಎರಡು ಸಾಲು, ಒಂದರ ಕೆಳಗೆ ಒಂದು, ಮೇಲಿನದರಲ್ಲಿ ಅಜ್ಜ ಅಂಚು ಹಿಡಿದು ಹಾಕಿದ್ದಾನೆ, ಕೆಳಗಿನದರಲ್ಲಿ ಅಂಗಿ ಭುಜ ಮೇಲೆ ಮಾಡಿ ನಿಂತಿದೆ, ಯಾವುದೋ ಒಂದನ್ನು ಹೊಡೆದುಹಾಕಬೇಕು, ದುಃಖದಲ್ಲಿ ಮರೆತಿರಬಹುದು ಅಜ್ಜ, ಮಗ ಹೋದ ದುಃಖ ಅಂದರೆ ಸುಮ್ಮನೆಯೆ, ಮನುಷ್ಯ ಏನು ಬೇಕಾದರೂ ಮರೆಯುತ್ತಾನೆ — ಮರೆಯುತ್ತಾನೆಯೆ, ಕೈ ಮರೆಯುವುದಿಲ್ಲ, ಅಭ್ಯಾಸಬಲ ಎಂದು ಅವನೇ ಹೇಳಿದ್ದಲ್ಲವೆ, ಅಭ್ಯಾಸಬಲದಿಂದ ಒಗೆದವನು ಅಭ್ಯಾಸ ತಪ್ಪಿ ಹಾಕುತ್ತಾನೆಯೆ, ಮತ್ತೆ ನೀರು, ಹಿಂಡದೆ ಹಾಕಿದ್ದಾನೆ, ತಂತಿಗೂ ಶತ್ರು ಬಟ್ಟೆಗೂ ಶತ್ರು ಎನ್ನುವವನು, ಮುದುಕನಾಗಿ ಕೈ ನಡುಗುತ್ತಿದ್ದಾಗಲೂ ಕರವಸ್ತ್ರ ಒಂದನ್ನೂ ನೀರು ಸುರಿಯುವ ಹಾಗೆ ತಂತಿಗೆ ಹಾಕಿದವನಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ, ಇಷ್ಟು ವರ್ಷ ಕಿವಿಗೆ ಬಿದ್ದ ಮಾತು, ಹಾಳೆಯ ಮೇಲೆ ಇಳಿಯುವವರೆಗೂ ಕಾಣಲಿಲ್ಲ. ಅಂಗಿಯನ್ನು ಹಿಂಡಲು ಬಾರದ ಕೈ. ಅಂಗಿ ಅಂದರೆ ಮನುಷ್ಯ ನಿಂತ ಹಾಗೆ ನಿಲ್ಲಬೇಕು, ಭುಜ ಮೇಲೆ ಕೈ ಕೆಳಗೆ, ಎಂದುಕೊಳ್ಳುವ ಕೈ. ಅಂಥ ಕೈ ಆ ಮನೆಯಲ್ಲಿ ಒಂದೇ ಜೊತೆ ಇತ್ತು, ಆಗ ಅದಕ್ಕೆ ಏಳು ವರ್ಷ, ಈಗ ಅದು ಅಲ್ಲಿ, ಕೌಂಟರಿನ ಹಿಂದೆ, ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಿದೆ.

ಅಮ್ಮ ತಲೆಯೆತ್ತಲಿಲ್ಲ, ಎತ್ತದಿದ್ದರೆ ಸಾಕು, ಇವಳ ಮುಖ ಈಗ ಇಸ್ತ್ರಿಯಾಗದ ಬಟ್ಟೆ, ಮೇಷ್ಟರ ಅಂಗಿ ಸುಡುತ್ತಿದೆ, ಇಲ್ಲ, ಸುಟ್ಟಿಲ್ಲ, ಪೆಟ್ಟಿಗೆ ಎತ್ತಿ ನಿಲ್ಲಿಸಿದಳು. ಏಕೆ ಒಗೆದಳು? ಕೇಳುವ ಮೊದಲೇ ಉತ್ತರ ಬಂದು ನಿಂತಿತ್ತು, ಮೊದಲ ದೃಶ್ಯದಲ್ಲಿ ತಾನೇ ಬರೆದದ್ದು, ಮೇಜಿನ ಕೆಳಗೆ ಕೂತು ಕೇಳಿಸಿಕೊಳ್ಳುವ ಪುಟ್ಟ ಮಗಳು, ತೊಳೆದಿಟ್ಟ ಬಟ್ಟೆಗೆ ಯಜಮಾನ ಬಂದೇ ಬರ್ತಾನೆ, ಅಪ್ಪನ ಮಾತು ಸುಳ್ಳಾಗುವುದುಂಟೆ, ಅಣ್ಣ ಬಂದಿಲ್ಲ ಯಾಕೆಂದರೆ ಅವನ ಅಂಗಿ ಇನ್ನೂ ಕೊಳೆಯಾಗಿಯೇ ಇದೆ, ಅದನ್ನು ಯಾರೂ ಒಗೆಯುತ್ತಿಲ್ಲ, ಎಲ್ಲರೂ ಅಳುತ್ತಾರೆ ಒಬ್ಬರೂ ಒಗೆಯುವುದಿಲ್ಲ — ಅಯ್ಯೋ ನನ್ನಮ್ಮ, ಬೇರೆ ಯಾವ ಮನೆಯ ಮಗುವೂ ಮಾಡಲಾಗದ ತಪ್ಪು, ಬಕೆಟ್ಟು ಬೋರಲು ಹಾಕಿ ಹತ್ತಿರಬೇಕು, ತುದಿಗಾಲಲ್ಲಿ ನಿಂತಿರಬೇಕು, ಒದ್ದೆ ಅಂಗಿ ಅವಳಷ್ಟೇ ಭಾರ. ಆಮೇಲೆ ಅಜ್ಜಿಯ ಕಿರುಚಾಟ, ಅಜ್ಜ ಒಂದು ಹೆಜ್ಜೆ ಮುಂದೆ ಬಂದು, ನಾನೇ ಕಣೇ. ಹೆಗಲು ಕೊಟ್ಟ. ಮುಂದೆ ಹತ್ತು ವರ್ಷ ಅಪ್ಪ ಅಮ್ಮನ ನಡುವೆ ಸುದ್ದಿ ಹೊತ್ತು ಓಡಾಡಿದವಳು ಅವಳೇ, ಅಪ್ಪಾ ನೀರು ಕಾದಿದೆಯಂತೆ, ಅಮ್ಮಾ ಕೇಳಿಸಿತಂತೆ, ಪ್ರತಿ ಸುದ್ದಿಯಲ್ಲೂ ತನ್ನ ತಪ್ಪನ್ನು ಬಾಯಲ್ಲಿ ಇಟ್ಟುಕೊಂಡು, ಮತ್ತೆ ಇವಳು ಅದನ್ನು ನಗೆಯ ದೃಶ್ಯ ಮಾಡಿ ತರಗತಿಯಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದಿದ್ದಾಳೆ. ಹಿತ್ತಲಿಗೆ ಕಾಲಿಡದ ಅಮ್ಮ, ನನಗೆ ಬಿಸಿಲು ಆಗಲ್ಲ ಕಣೇ, ನಾನು ಮುಂದೆ ನೋಡ್ಕೋತೀನಿ, ಎಂದು ಇಷ್ಟು ವರ್ಷ ಕೌಂಟರು ಬಿಟ್ಟು ಏಳದ ಅಮ್ಮ, ಬಿಸಿಲಂತೆ ಬಿಸಿಲು.

ಈಗ ಏನು ಓದಬೇಕು. ಗಡಿಯಾರ ನೋಡಬಾರದು. ಅಜ್ಜನನ್ನೇ ತೊಟ್ಟಿಯ ಹತ್ತಿರ ನಿಲ್ಲಿಸಿಬಿಡಬಹುದು, ಅವನೇ ಒಪ್ಪಿಕೊಂಡು ನಿಂತ ಜಾಗ ಅದು, ಮೊಮ್ಮಗಳು ಅದನ್ನು ಕೆಡಿಸಲು ಯಾರು, ಯಾರಿಗೂ ಗೊತ್ತಾಗುವುದಿಲ್ಲ, ಸಿನಿಮಾ ಚೆನ್ನಾಗಿಯೇ ಇರುತ್ತದೆ. ಚೆನ್ನಾಗಿಯೇ. ಆದರೆ ಕೈ ಒಪ್ಪುತ್ತಿಲ್ಲ, ಅಜ್ಜನ ಕೈಯಿಂದ ಆ ಅಂಗಿಯನ್ನು ಭುಜ ಹಿಡಿದು ಹಾಕಿಸಲು ಅವಳ ಕೈ ಒಪ್ಪುತ್ತಿಲ್ಲ, ಸುಳ್ಳು ಅನ್ನುವುದಕ್ಕಿಂತ ಅದು ಕೆಟ್ಟ ಕೆಲಸ, ನೋಡಿದ ಯಾವ ಲಾಂಡ್ರಿಯವನಾದರೂ ನಗುತ್ತಾನೆ, ತಕ್ಷಣ ಹೇಳುತ್ತಾನೆ ಇದು ಕಸುಬಿನವನ ಕೈಯಲ್ಲ ಎಂದು — ತಕ್ಷಣ. ನೋಡಿದೊಡನೆ. ಹಾಗಾದರೆ ಅಜ್ಜಿ? ಬಾಗಿಲು ತೆರೆದು ನಿಂತ ಅಜ್ಜಿ, ಅಜ್ಜನಷ್ಟೇ ಅಂಗಿ ಹಾಕಿದವಳು, ಅಜ್ಜನಿಗಿಂತ ಒಂದು ಹಿಡಿ ಹೆಚ್ಚೇ ಹಿಂಡಿದವಳು, ತನ್ನ ಜೀವಮಾನದಲ್ಲಿ ಈ ಕಥೆ ಹೇಳಿದಷ್ಟು ಸಲವೂ ಭುಜ ನೆಟ್ಟಗಿತ್ತು, ನೀರು ಸುರೀತಿತ್ತು ಎಂದಳು, ನಿಮ್ಮಜ್ಜ ಒಗೆದರು ಎಂದು ಒಂದು ಸಲವೂ ಅನ್ನಲಿಲ್ಲ, ಒಂದೇ ಒಂದು ಸಲವೂ. ಗೊತ್ತಿತ್ತು. ಕಿರುಚಿದ ಮರುಕ್ಷಣಕ್ಕೇ ಗೊತ್ತಾಗಿರಬೇಕು. ಮಗನ ವಾಸನೆಯನ್ನೇ ಒಗೆದುಹಾಕಿದ ಸಿಟ್ಟು ಸಣ್ಣದಲ್ಲ, ಎಲ್ಲಾದರೂ ಇಳಿಸಲೇಬೇಕು, ಏಳು ವರ್ಷದ ಹುಡುಗಿಯ ಮೇಲೆ ಇಳಿಸಿದರೆ ಹುಡುಗಿ ಉಳಿಯುವುದಿಲ್ಲ, ಎದುರಿಗೆ ಒಬ್ಬ ಹೆಗಲು ಕೊಟ್ಟು ನಿಂತಿದ್ದಾನೆ, ಅವನ ಮೇಲೆ ಇಳಿಸಿದಳು, ಅವನು ಹೊತ್ತ. ಹುಡುಗಿ ಮನೆ ಬಿಟ್ಟು ಹೋಗುವವರೆಗೂ ಆ ಹೊರೆ ಕೆಳಗಿಡಲಿಲ್ಲ ಇಬ್ಬರೂ. ಹೋದ ದಿನವೇ, ನೀರು ಕಾದಿದೆ. ದೇವರೇ, ನಾನು ಬರೆದದ್ದು ಸಿಟ್ಟಿನ ಕಥೆಯೇ ಅಲ್ಲ. ಮೊದಲಿನಿಂದ ಬರೆಯಬೇಕೆ, ಬೇಡ, ಒಂದು ಮಾತೂ ಬದಲಿಸಬೇಕಾಗಿಲ್ಲ, ಈ ಒಂದು ದೃಶ್ಯ ನಿಂತರೆ ಉಳಿದದ್ದೆಲ್ಲ ತಾನಾಗಿ ತಿರುಗಿ ನಿಲ್ಲುತ್ತದೆ, ಅಂಥ ಚಿತ್ರಕಥೆ ಅದು, ಅಷ್ಟು ಚೆನ್ನಾಗಿ ಬರೆದಿದ್ದಾಳೆ ತಾನು, ಹೆಮ್ಮೆಯಿಂದ ಮೈ ಬಿಸಿಯಾಗುತ್ತದೆ, ಮರುಗಳಿಗೆಯೇ ನಾಚಿಕೆ, ಅಲ್ಲಿ ಕೂತಿದ್ದಾಳೆ ಅಮ್ಮ, ಅಮ್ಮನಿಗೆ ಗೊತ್ತೇ, ತನ್ನಮ್ಮನಿಗೆ ಗೊತ್ತಿತ್ತು ಎಂದು?

ಹೊರಗೆ ಸ್ಕೂಟರ್ ನಿಂತ ಸದ್ದು, ನಿರ್ದೇಶಕರೇ, ಸ್ಟ್ಯಾಂಡು ಹಾಕಲು ಬರದೆ ಯಾವಾಗಲೂ ಎರಡು ಸಲ ಒದೆಯುತ್ತಾರೆ. ಅಮ್ಮ, ಅಂದಳು, ಒಂದು ಕೇಳಲಾ. ಕೇಳು. ಅಜ್ಜಿಗೆ ತಂತಿ ನೋಡಿದರೆ ಗೊತ್ತಾಗ್ತಿತ್ತಾ, ಬಟ್ಟೆ ಯಾರು ಹಾಕಿದ್ದು ಅಂತ? ಅಮ್ಮ ನಕ್ಕಳು, ಗೊತ್ತಾಗದೆ ಏನೇ, ದೂರದಿಂದಲೇ ಹೇಳ್ತಿದ್ದಳು, ಇದು ಹೊಸಬನ ಕೈ, ಇದು ನಿಮ್ಮಪ್ಪನ ಕೈ, ಇದು ನಿನ್ನ ಕೈ ಅಂತ, ಕಳ್ಳತನ ಮಾಡೋ ಹಾಗೇ ಇರಲಿಲ್ಲ ಅವಳ ಹತ್ರ, ಒಂದು ಕರವಸ್ತ್ರ ಹಾಕಿದ್ರೂ — ಸೂಜಿ ಅರ್ಧ ಎದ್ದಿತ್ತು, ದಾರ ಬಿಗಿಯಾಗಿತ್ತು, ಅಲ್ಲೇ ನಿಂತಿತು. ಅಮ್ಮ ಕನ್ನಡಕದ ಮೇಲಿನಿಂದ ಗೋಡೆ ನೋಡುತ್ತಿದ್ದಳು, ಗೋಡೆಯಾಚೆ ಹಿತ್ತಲು. ಬಾಗಿಲು ತಳ್ಳಿಕೊಂಡು ನಿರ್ದೇಶಕರು ಬಂದರು, ಏನಮ್ಮಾ ರೆಡೀನಾ, ಬಂತಾ ಅಂಗಿ, ಎಂದು ಗಂಟಿನ ಮೇಲೆಯೇ ಕೂತುಬಿಟ್ಟರು, ಅಯ್ಯೋ ಸಾರ್ ಅದು ಇಸ್ತ್ರಿ ಆಗಿದ್ದು ಎಂದು ಎಬ್ಬಿಸಬೇಕಿತ್ತು, ಎಬ್ಬಿಸಲಿಲ್ಲ. ಹಾಳೆಯಲ್ಲಿ ಅಜ್ಜ ಎಂದಿದ್ದ ಕಡೆಯೆಲ್ಲ ಗೆರೆ ಎಳೆದಳು, ಅಂಚು ಹಿಡಿದು ಎಂದಿದ್ದರ ಮೇಲೂ. ಉಳಿದದ್ದು ತೊಟ್ಟಿ, ತಂತಿ, ಅಂಗಿ. ಅಮ್ಮನ ಕಡೆ ನೋಡಿದಳು. ಬೇಡ ಅಂದರೆ ಬೇಡ. ನಿಜವಾಗಿ, ಬೇಡ ಅಂದರೆ ಹರಿದುಹಾಕಿ ಕೆಂಡಕ್ಕೆ ಹಾಕುತ್ತಾಳೆ, ಇಷ್ಟು ವರ್ಷ ಇಬ್ಬರು ಹೊಟ್ಟೆಗೆ ಹಾಕಿಕೊಂಡದ್ದನ್ನು ಮೂರನೆಯವಳು ಹಾಕಿಕೊಳ್ಳಲಾರಳೆ. ಹೇಗೆ ಹಾಕಿದ್ದೀಯ ಅಂಗೀನ, ಕೇಳಿದಳು ಅಮ್ಮ. ಭುಜ ಹಿಡಿದು, ಅಮ್ಮ. ಹ್ಞೂಂ. ಅಮ್ಮ ಕೋಟನ್ನು ಮಡಿಲಿಂದ ತೆಗೆದು ಪಕ್ಕಕ್ಕಿಟ್ಟಳು, ಕೈ ಎರಡೂ ಖಾಲಿಯಾದವು, ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡಳು. ಓದು, ಅಂದಳು, ಮತ್ತೆ ನೋಡು, ತಂತಿ ಎತ್ತರ ಅಂತ ಬರಿ, ತುಂಬಾ ಎತ್ತರ ಇತ್ತು ತಂತಿ. ಬರೆದಳು. ಓದಲು ಬಾಯಿ ತೆರೆದಳು, ಹಿತ್ತಲು, ಬೆಳಿಗ್ಗೆ, ತಂತಿ ಎತ್ತರ, ಮುಂದಿನ ಮಾತು ಹಾಳೆಯಲ್ಲಿತ್ತು, ಕಣ್ಣಿಗೆ ಹಾಳೆ ಕಾಣುತ್ತಿರಲಿಲ್ಲ, ತಂತಿಯ ಮೇಲೆ ಬಿಳಿ ಅಂಗಿ, ಭುಜ ನೆಟ್ಟಗೆ ಮಾಡಿಕೊಂಡು, ಎರಡೂ ಕೈ ಇಳಿಬಿಟ್ಟುಕೊಂಡು, ಕೈ ತುದಿಯಿಂದ ನೀರು, ಕಲ್ಲಿನ ಮೇಲೆ, ಟಪ್, ಟಪ್ —